ಬಾಣಲೆಯ ಕಾಫಿಗೆ ಯಾರ ಅಪ್ಪಣೆ?

ಕಾಫಿ ಕುಡಿಯುವುದಕ್ಕೂ ಈಗ ಒಂದು ಪ್ರವೇಶ ಪರೀಕ್ಷೆ ಇದೆ. ಹಾಲು ಹಾಕಿದರೆ ಒಂದು ಅಂಕ ಕಳೆಯಿತು. ಸಕ್ಕರೆ ಹಾಕಿದರೆ ಇನ್ನೊಂದು. ಚಿಕೋರಿ ಎಂದರೆ ಪರೀಕ್ಷೆಯ ಕೋಣೆಯಿಂದಲೇ ಆಚೆ. ರೊಬಸ್ಟಾ ಕುಡಿಯುವವರಿಗೆ ನಾಲಿಗೆ ಇಲ್ಲ, ಕಪ್ಪಗೆ ಹುರಿದದ್ದನ್ನು ಇಷ್ಟಪಡುವವರಿಗೆ ಮೂಗಿಲ್ಲ. ಪುಡಿಯನ್ನು ಚಮಚದಲ್ಲಿ ಅಳೆಯುವವರು ಏನೂ ತಿಳಿಯದವರು, ಗ್ರಾಮಿನ ದಶಾಂಶದವರೆಗೆ ತೂಗುವವರು ಬಲ್ಲವರು. ಈ ಪ್ರಶ್ನೆಪತ್ರಿಕೆ ಬರೆದವರು ಕಾಫಿ ಬೆಳೆದವರಲ್ಲ, ಕೊಯ್ದವರಲ್ಲ, ಕಣದಲ್ಲಿ ಒಣಗಿಸಿದವರೂ ಅಲ್ಲ. ಹವ್ಯಾಸಕ್ಕೆಂದು ನಾಲ್ಕು ವರ್ಷದ ಹಿಂದೆ ಶುರುಮಾಡಿ, ಈಗ ತೀರ್ಪುಗಾರರ ಕುರ್ಚಿಯಲ್ಲಿ ಕೂತವರು.

ನಾನು ಸಕಲೇಶಪುರದ ಕಡೆಯವಳು. ಮನೆಗೆ ಮೂರು ಎಕರೆ ಕಾಫಿ ತೋಟ. ಈಗ ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತ, ಒಂದು ಬಾಡಿಗೆ ಕೋಣೆಯಲ್ಲಿ ಇದ್ದೇನೆ. ಹದಿನೈದು ದಿನಕ್ಕೊಮ್ಮೆ ಊರಿನಿಂದ ತಂದ ಹಸಿ ಕಾಫಿ ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತೇನೆ. ವಿಭಾಗದ ಗೆಳೆಯರಿಗೂ ಅದನ್ನೇ ಕುಡಿಸುತ್ತೇನೆ. ಹಾಗೆ ಕುಡಿಸಿದಾಗ ಒಬ್ಬ ಗೆಳೆಯ ಒಂದು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಕಾಫಿಯಲ್ಲ, ಇದ್ದಿಲು. ನಿಮ್ಮ ಕಡೆಯವರಿಗೆ ನೀವು ಬೆಳೆಯೋದರ ಬೆಲೆ ಗೊತ್ತಿಲ್ಲ’ ಎಂದ. ಇದ್ದಿಲು ಎಂದದ್ದಕ್ಕೆ ಬೇಸರವಿಲ್ಲ, ಅದು ಅವನ ನಾಲಿಗೆ. ‘ನಿಮ್ಮ ಕಡೆಯವರಿಗೆ ಗೊತ್ತಿಲ್ಲ’ ಎಂಬ ಮಾತಿದೆಯಲ್ಲ, ನನ್ನ ತಕರಾರು ಅದರ ಮೇಲೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಜಗಳ ತಿಳಿವಳಿಕೆಯ ಜೊತೆಗಲ್ಲ. ಕಾಫಿಯ ಬಗ್ಗೆ ಓದುವುದು, ಹತ್ತು ತೋಟದ ಬೀಜಗಳನ್ನು ಹೋಲಿಸಿ ಕುಡಿಯುವುದು, ನೀರಿನ ಬಿಸಿ ಎಷ್ಟಿದ್ದರೆ ಏನಾಗುತ್ತದೆ ಎಂದು ನೋಡುವುದು, ಇವೆಲ್ಲ ಒಳ್ಳೆಯ ಕೆಲಸಗಳೇ. ಜಗಳ ಇರುವುದು ತಿಳಿವಳಿಕೆಯನ್ನು ಬಾಗಿಲ ಚಿಲಕ ಮಾಡಿಕೊಂಡವರ ಜೊತೆಗೆ. ತಿಳಿದವರು ಪಕ್ಕದಲ್ಲಿ ಕೂರಿಸಿಕೊಂಡು ‘ಇದನ್ನೂ ಒಮ್ಮೆ ಕುಡಿದು ನೋಡು’ ಎನ್ನುತ್ತಾರೆ. ಗತ್ತಿನವರು ‘ಇಷ್ಟು ದಿನ ಕುಡಿದದ್ದು ಕಾಫಿಯೇ ಅಲ್ಲ’ ಎನ್ನುತ್ತಾರೆ.

ಕಾಫಿ ಹುರಿಯುವುದು ಎಷ್ಟು ಕಷ್ಟ? ಒಮ್ಮೆ ಹೇಳಿಬಿಟ್ಟರೆ ಅದರ ಸುತ್ತ ಕಟ್ಟಿದ ಗುಡಿ ಅರ್ಧ ಬಿದ್ದುಹೋಗುತ್ತದೆ. ದಪ್ಪ ತಳದ ಬಾಣಲೆ ಕಾಯಲಿ. ಕಾಲು ಕಿಲೋ ಹಸಿ ಬೀಜ ಹಾಕಿ, ಮಧ್ಯಮ ಉರಿಯಲ್ಲಿ ಕೈಬಿಡದೆ ಕೈಯಾಡಿಸಿ. ಮೊದಲು ಬೀಜದೊಳಗಿನ ನೀರು ಆರುತ್ತದೆ, ಒಣ ಹುಲ್ಲಿನ ವಾಸನೆ ಬರುತ್ತದೆ. ಹಸಿರು ಹೋಗಿ ಹಳದಿ, ಹಳದಿ ಹೋಗಿ ಕಂದು. ಆಮೇಲೆ ಬ್ರೆಡ್ಡು ಸುಟ್ಟಂಥ ಪರಿಮಳ. ಬೀಜದ ಬಿಸಿ ಹೆಚ್ಚುಕಡಿಮೆ 200 ಡಿಗ್ರಿಗೆ ಬಂದಾಗ ಚಟಪಟ ಸಿಡಿಯುತ್ತದೆ. ಅಲ್ಲಿಂದ ಮುಂದೆ ಯಾವಾಗ ಬೇಕಾದರೂ ಇಳಿಸಬಹುದು. ಬೇಗ ಇಳಿಸಿದರೆ ಹುಳಿ ಮುಂದಾಗುತ್ತದೆ, ತಡಮಾಡಿದರೆ ಕಹಿ. ಎರಡನೆಯ ಬಾರಿ ಸಣ್ಣಗೆ ಸಿಡಿಯತೊಡಗಿ ಎಣ್ಣೆ ಹೊಳೆದರೆ ನಮ್ಮ ಮನೆಗಳ ಕಡುಕಾಫಿ. ಮೊರಕ್ಕೆ ಸುರಿದು ಕೇರಿ, ಹೊಟ್ಟು ಹಾರುತ್ತದೆ, ಬೀಜವೂ ತಣಿಯುತ್ತದೆ. ಕಾಲು ಕಿಲೋ ಈಗ ಇನ್ನೂರು ಗ್ರಾಮಿನ ಆಸುಪಾಸು ಇರುತ್ತದೆ. ಒಂದು ದಿನ ಬಿಟ್ಟು ಪುಡಿ ಮಾಡಿ. ಅಷ್ಟೇ. ಹೊಗೆ ತುಂಬುತ್ತದೆ, ಕಿಟಕಿ ತೆಗೆದಿಡಿ. ನನ್ನ ಮನೆ ಮಾಲೀಕರು ಎರಡು ಸಲ ಓಡಿ ಬಂದಿದ್ದಾರೆ. ಎರಡನೆಯ ಸಲ ಕಾಫಿ ಕುಡಿದು ಹೋದರು.

ನನ್ನ ಅಜ್ಜಿಗೆ ಥರ್ಮಾಮೀಟರು ಎಂದರೆ ಜ್ವರಕ್ಕೆ ಇಡುವ ಕಡ್ಡಿ. ಹುರಿಯುವಾಗ ಅವರು ಪಕ್ಕದ ಒಲೆಯಲ್ಲಿ ಸಾರು ಕುದಿಸುತ್ತಿರುತ್ತಿದ್ದರು. ‘ಮಗಾ, ಮೂಗು ಎಲ್ಲಿಟ್ಟಿದೀಯ? ವಾಸನೆ ತಿರುಗ್ತಾ ಇದೆ, ಇಳಿಸು’ ಎನ್ನುವರು. ಹವ್ಯಾಸಿಗಳು ಫಸ್ಟ್ ಕ್ರ್ಯಾಕ್, ಡೆವಲಪ್‌ಮೆಂಟ್ ಟೈಮ್ ಎಂದು ಕರೆಯುವುದೆಲ್ಲ ಆ ಒಂದು ಮಾತಿನಲ್ಲಿತ್ತು. ಅಜ್ಜಿಯನ್ನು ಋಷಿ ಮಾಡಲು ಹೊರಟಿಲ್ಲ. ಸಾರು ಉಕ್ಕಿದ ದಿನ ಕಾಫಿ ಕರಟಿದ್ದೂ ಇದೆ, ಅದನ್ನು ಬೈದುಕೊಂಡೇ ಒಂದು ವಾರ ಕುಡಿದದ್ದೂ ಇದೆ. ಆದರೆ ಒಂದು ಮಾತು ಕೇಳಬೇಕು. ಹೆಂಗಸರು ಅಡುಗೆಮನೆಯಲ್ಲಿ ನೂರು ವರ್ಷ ಹುರಿದರೆ ಅದು ಮನೆಗೆಲಸ. ಗಂಡಸೊಬ್ಬ ಬಾಲ್ಕನಿಯಲ್ಲಿ ಯಂತ್ರ ಇಟ್ಟುಕೊಂಡು ಎರಡು ಭಾನುವಾರ ಹುರಿದರೆ ಅದು ಕಲೆ, ವಿಜ್ಞಾನ, ಪರಿಣತಿ. ಇದು ಯಾವ ಲೆಕ್ಕ?

ಈಗ ಒಂದೊಂದೇ ಆಕ್ಷೇಪಕ್ಕೆ ಬರೋಣ. ಮೊದಲನೆಯದು, ಬಾಣಲೆಯಲ್ಲಿ ಸಮನಾಗಿ ಹುರಿಯುವುದಿಲ್ಲ ಎಂಬುದು. ನಿಜ. ತಳಕ್ಕೆ ತಾಗಿದ ಬೀಜ ಹೆಚ್ಚು ಬೇಯುತ್ತದೆ, ಮೇಲಿನದು ಕಡಿಮೆ. ಹಾಗೆಂದು ಅದು ಕಾಫಿಯೇ ಅಲ್ಲ ಎನ್ನುವವರು, ಅವರೇ ಭಕ್ತಿಯಿಂದ ಹೆಸರೆತ್ತುವ ಇಥಿಯೋಪಿಯಾದ ಕಡೆ ಒಮ್ಮೆ ನೋಡಲಿ. ಅರೇಬಿಕಾದ ತವರು ಅದು. ಅಲ್ಲಿ ಮನೆಗೆ ನೆಂಟರು ಬಂದರೆ ಅವರ ಎದುರಿಗೇ ಹಸಿ ಬೀಜ ತೊಳೆದು, ಚಪ್ಪಟೆ ಹೆಂಚಿನಂಥ ಬಾಣಲೆಯಲ್ಲಿ ಕೆಂಡದ ಮೇಲೆ ಹುರಿಯುತ್ತಾರೆ. ಏಳುವ ಹೊಗೆಯನ್ನು ನೆಂಟರ ಬಳಿಗೆ ತಂದು ಮೂಸಲು ಕೊಡುತ್ತಾರೆ. ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಪಾತ್ರೆಯಲ್ಲಿ ಕುದಿಸಿ, ಮೂರು ಸುತ್ತು ಬಡಿಸುತ್ತಾರೆ. ಇರ್ಗಾಚೆಫೆ ಎಂಬ ಊರಿನ ಹೆಸರನ್ನು ಮಂತ್ರದಂತೆ ಹೇಳುವವರು ಆ ದೇಶದ ಬಾಣಲೆಯನ್ನು ಮಾತ್ರ ನೋಡುವುದಿಲ್ಲ.

ಎರಡನೆಯದು ರೊಬಸ್ಟಾ. ‘ನೂರಕ್ಕೆ ನೂರು ಅರೇಬಿಕಾ’ ಎಂಬುದು ಈಗ ಕುಲಗೋತ್ರದ ಹಾಗೆ ಆಗಿದೆ. ಕುಲವನ್ನೇ ಕೆದಕುವುದಾದರೆ ಪೂರ್ತಿ ಕೆದಕೋಣ. ಅರೇಬಿಕಾ ಶುದ್ಧ ಜಾತಿಯಲ್ಲ, ಅದೊಂದು ಸಂಕರ. ಯೂಜಿನಿಯಾಯ್ಡಿಸ್ ಎಂಬ ಕಾಡು ಕಾಫಿ ತಾಯಿ, ಕನೆಫೊರಾ ತಂದೆ. ಕನೆಫೊರಾ ಎಂದರೆ ಬೇರೆ ಯಾವುದೂ ಅಲ್ಲ, ನಾವು ರೊಬಸ್ಟಾ ಎಂದು ಕರೆಯುವುದೇ. ಅಂದರೆ ಅರೇಬಿಕಾ ಲೋಟ ಎತ್ತಿ ರೊಬಸ್ಟಾಕ್ಕೆ ಮೂಗು ಮುರಿಯುವವರು ಮಗನನ್ನು ಹೊಗಳಿ ಅಪ್ಪನನ್ನು ಬಾಗಿಲಾಚೆ ನಿಲ್ಲಿಸಿದ ಹಾಗೆ.

ಸಣ್ಣ ಬೆಳೆಗಾರರು ರೊಬಸ್ಟಾ ಹಿಡಿದದ್ದು ರುಚಿ ಗೊತ್ತಿಲ್ಲದೆ ಅಲ್ಲ. ಎಲೆ ತುಕ್ಕು ರೋಗ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿ ತೋಟಗಳನ್ನೇ ಮುಗಿಸಿತು, ಆ ದ್ವೀಪ ಚಹಾಕ್ಕೆ ತಿರುಗಿತು. ನಮ್ಮ ಅರೇಬಿಕಾಕ್ಕೆ ತುಕ್ಕಿನ ಜೊತೆ ಬಿಳಿ ಕಾಂಡಕೊರಕದ ಕಾಟವೂ ಇದೆ. ಹುಳು ಕಾಂಡ ಹೊಕ್ಕ ಗಿಡವನ್ನು ಕಿತ್ತು ಸುಡಬೇಕು. ನಮ್ಮ ತೋಟದಲ್ಲಿ ಅರೇಬಿಕಾ ಇದ್ದ ಒಂದು ಇಡೀ ಪಟ್ಟೆ ಹೀಗೆ ಹೋಯಿತು, ಅಪ್ಪ ಅಲ್ಲಿ ರೊಬಸ್ಟಾ ನೆಟ್ಟರು. ಈಗ ದೇಶದ ಬೆಳೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ರೊಬಸ್ಟಾ. ಭಾರತದ ಕಾಫಿಯ ದೊಡ್ಡ ಗಿರಾಕಿ ಇಟಲಿ. ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಲ್ಲಿ ಕಪ್ಪಿನ ಮೇಲೆ ದಟ್ಟ ನೊರೆ ಕೂರಲೆಂದು ರೊಬಸ್ಟಾ ಸೇರಿಸುವುದು ಹಳೆಯ ಪದ್ಧತಿ. ಅದೇ ಬೀಜ ಇಟಲಿಗೆ ಹೋಗಿ ಹೊಳೆಯುವ ಡಬ್ಬಿಯಲ್ಲಿ ಬಂದರೆ ಎಸ್ಪ್ರೆಸೊ, ಸಕಲೇಶಪುರದ ಬಾಣಲೆಯಲ್ಲಿ ಹುರಿದರೆ ಇದ್ದಿಲು.

ಇನ್ನೊಂದು ತಮಾಷೆ ಇದೆ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸುವುದನ್ನು ನಾವು ಚೆರ್ರಿ ಎನ್ನುತ್ತೇವೆ. ಪಲ್ಪರ್ ಯಂತ್ರ, ತೊಟ್ಟಿ, ನೀರು ಎಲ್ಲ ಇದ್ದವರು ತೊಳೆದು ಪಾರ್ಚ್‌ಮೆಂಟ್ ಮಾಡಿ ಹೆಚ್ಚಿನ ಬೆಲೆ ಪಡೆಯುತ್ತಿದ್ದರು, ಇಲ್ಲದವರು ಚೆರ್ರಿ ಮಾಡುತ್ತಿದ್ದರು. ಅಂದರೆ ಅದು ಬಡವರ ದಾರಿ. ಈಗ ದುಬಾರಿ ಕೆಫೆಗಳ ಹಲಗೆಯ ಮೇಲೆ ‘ನ್ಯಾಚುರಲ್ ಪ್ರೊಸೆಸ್’ ಎಂದು ಬರೆದಿರುತ್ತಾರಲ್ಲ, ಅದು ಮೂಲದಲ್ಲಿ ಇದೇ. ಅವರು ಹಣ್ಣಾದದ್ದನ್ನಷ್ಟೇ ಆರಿಸಿ, ಎತ್ತರದ ಜಾಲರಿಯ ಮೇಲೆ ತೆಳುವಾಗಿ ಹರಡಿ, ಜೋಪಾನವಾಗಿ ಒಣಗಿಸುತ್ತಾರೆ. ಆ ಜೋಪಾನಕ್ಕೆ ಬೆಲೆ ಸಿಗಲಿ, ಬೇಡ ಎನ್ನುವುದಿಲ್ಲ. ಹೆಸರು ಬದಲಾದ ಕೂಡಲೇ ಮರ್ಯಾದೆ ಬಂತಲ್ಲ, ಅದನ್ನು ಗಮನಿಸಿ ಎಂದಷ್ಟೇ ಹೇಳುತ್ತಿದ್ದೇನೆ.

ಮೂರನೆಯದು ಚಿಕೋರಿ. ಇದೊಂದು ಬೇರು. ಹುರಿದು ಪುಡಿ ಮಾಡಿದರೆ ಬಣ್ಣ ಕೊಡುತ್ತದೆ, ಡಿಕಾಕ್ಷನ್‌ಗೆ ಮಂದ ಕೊಡುತ್ತದೆ, ಕೆಫೀನ್ ಇಲ್ಲ. ಯುರೋಪಿನಲ್ಲಿ, ಅದರಲ್ಲೂ 1806ರ ನಂತರ ನೆಪೋಲಿಯನ್ನನ ದಿಗ್ಬಂಧನದ ಕಾಲದಲ್ಲಿ, ಕಾಫಿ ಸಿಗದಾದಾಗ ಜನ ಇದನ್ನು ಅಪ್ಪಿಕೊಂಡರು. ನಮ್ಮಲ್ಲಿ ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಚಿಕೋರಿ ಬೆರೆಸಿದ ಕಾಫಿ ಇಷ್ಟವಾದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ನಾಚಿಕೆಪಡಬೇಕಾದದ್ದು ಬೇರೆ ಇದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು ಎಂದು ಕಾನೂನು ಹೇಳುತ್ತದೆ. ಅಂದರೆ ಪೊಟ್ಟಣದ ಅರ್ಧದಷ್ಟು ಬೇರೇ ಇದ್ದರೂ ಅದನ್ನು ಕಾಫಿಯ ಹೆಸರಿನ ಮಿಶ್ರಣವಾಗಿ ಮಾರಬಹುದು. ಕಾಫಿಯ ದುಡ್ಡು ಕೊಟ್ಟು ಬೇರು ಕೊಂಡವರನ್ನು ರುಚಿಹೀನರು ಎಂದು ನಗುವುದು ಸುಲಭ. ಎಷ್ಟು ಬೇರಿದೆ, ಎಷ್ಟು ಬೆಲೆ ಎಂದು ಕೇಳುವುದು ಕಷ್ಟ. ಮನೆಯಲ್ಲೇ ಹುರಿದರೆ ಈ ತಗಾದೆಯೇ ಇಲ್ಲ. ಬೇಕಾದವರು ಬೇಕಾದಷ್ಟೇ ಬೆರೆಸಿಕೊಳ್ಳಬಹುದು.

ಹಾಲು, ಬೆಲ್ಲದ ವಿಷಯವೂ ಹೀಗೇ. ಹುಳಿ ಹಣ್ಣಿನ ರುಚಿಯಿರುವ, ಎಳೆಯದಾಗಿ ಹುರಿದ ಕಾಫಿಗೆ ಹಾಲು ಹಾಕಿದರೆ ಆ ರುಚಿ ಮುಚ್ಚಿಹೋಗುತ್ತದೆ, ಒಪ್ಪಿದೆ. ಆದರೆ ನಮ್ಮ ಕಡುಕಾಫಿ ಹುಟ್ಟಿದ್ದೇ ಹಾಲಿಗಾಗಿ. ಮಲೆನಾಡಿನ ಜಡಿಮಳೆಯಲ್ಲಿ, ಬೆಲ್ಲ ಹಾಕಿ ಕುದಿಸಿದ ಕಡುಕಾಫಿಗೆ ಒಂದು ಚೂರು ಹಾಲು ಬಿಟ್ಟು ಕುಡಿದವರಿಗೆ ಅದು ಯಾಕೆ ಹಾಗೆ ಎಂದು ವಿವರಿಸಬೇಕಿಲ್ಲ. ಇಡ್ಲಿಯನ್ನು ದೋಸೆಯಂತೆ ಗರಿಗರಿ ಆಗಿಲ್ಲ ಎಂದು ಯಾರೂ ಬೈಯುವುದಿಲ್ಲವಲ್ಲ.

ಇನ್ನು ಪದಗಳು. ರುಚಿಯನ್ನು ಹೆಸರಿಸಲು ಅಮೆರಿಕದ ಸ್ಪೆಷಾಲ್ಟಿ ಕಾಫಿ ಸಂಘದವರು 1995ರಲ್ಲಿ ಒಂದು ಬಣ್ಣದ ಚಕ್ರ ಮಾಡಿದರು, 2016ರಲ್ಲಿ ಪರಿಷ್ಕರಿಸಿದರು. ಕೊಳ್ಳುವವರೂ ಮಾರುವವರೂ ಒಂದೇ ಮಾತಿನಲ್ಲಿ ಮಾತಾಡಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಬ್ಲೂಬೆರಿಯನ್ನು ಗಿಡದಲ್ಲಿ ಕಾಣದ ಹುಡುಗರು ಕಣ್ಣು ಮುಚ್ಚಿ ‘ಬ್ಲೂಬೆರಿ’ ಎನ್ನುವಾಗ ನನಗೆ ನಗು ಬರುತ್ತದೆ. ಅದೇ ಲೋಟದಲ್ಲಿ ನನಗೆ ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಒಗರಾಗುವ ರುಚಿ ಸಿಕ್ಕಿತು. ಇನ್ನೊಂದರಲ್ಲಿ ಜೋನಿಬೆಲ್ಲ. ಮತ್ತೊಂದರಲ್ಲಿ ಹದವಾಗಿ ಹುರಿದ ಕಡಲೆ. ಕಾಫಿಯನ್ನು ಕನ್ನಡದಲ್ಲಿ ಮೂಸಬಾರದು ಎಂದು ಆ ಚಕ್ರ ಮಾಡಿದವರೂ ಹೇಳಿಲ್ಲ. ಹೇಳುತ್ತಿರುವವರು ನಮ್ಮ ಹವ್ಯಾಸಿಗಳೇ.

ನಾನು ಸಂಶೋಧನೆಯ ಲೋಕದವಳು, ಈ ಗತ್ತಿನ ಗುರುತು ನನಗೆ ಚೆನ್ನಾಗಿದೆ. ಸೆಮಿನಾರುಗಳಲ್ಲಿ ಪ್ರಶ್ನೆ ಕೇಳುವ ನೆಪದಲ್ಲಿ ತಾವು ಓದಿದ ಪುಸ್ತಕಗಳ ಪಟ್ಟಿ ಒಪ್ಪಿಸುವವರು ಇರುತ್ತಾರಲ್ಲ, ಅವರೇ ಇಲ್ಲಿ ಕಾಫಿ ಕುಡಿಯುತ್ತಿದ್ದಾರೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1979ರ ತನ್ನ ಪುಸ್ತಕದಲ್ಲಿ, ರುಚಿ ಎಂಬುದು ವರ್ಗಗಳ ನಡುವೆ ಗೆರೆ ಎಳೆಯುವ ಸಾಧನವೂ ಹೌದು ಎಂದು ವಾದಿಸಿದ. (ನೋಡಿ, ನಾನೂ ಪಟ್ಟಿ ಒಪ್ಪಿಸಿದೆ.) ಪುಸ್ತಕ ಓದದೆಯೂ ಇದು ಗೊತ್ತಾಗುತ್ತದೆ. ನಮ್ಮಲ್ಲಿ ‘ನಮ್ಮ ಮನೆ ಕಾಫಿ’ ಎಂಬ ಹಳೆಯ ಗತ್ತೂ ಇದೆ. ಫಿಲ್ಟರ್, ಹಿತ್ತಾಳೆ ಲೋಟ, ನೀರು ಬೆರೆಸದ ಹಾಲು, ಇದನ್ನು ಬಿಟ್ಟವರಿಗೆ ಕಾಫಿ ಗೊತ್ತಿಲ್ಲ ಎಂಬ ಜಾತಿಯ ವಾಸನೆಯ ಹೆಮ್ಮೆ ಅದು. ತಮಿಳುನಾಡಿನಲ್ಲಿ ಕಾಫಿ ಹೇಗೆ ಮೇಲ್ಜಾತಿಯ ಮಧ್ಯಮವರ್ಗದ ಗುರುತಾಯಿತು ಎಂಬುದನ್ನು ಇತಿಹಾಸಕಾರ ಎ. ಆರ್. ವೆಂಕಟಾಚಲಪತಿ ಬರೆದಿದ್ದಾರೆ. ನಮ್ಮ ಕಡೆ ಬರೆಯಬೇಕಾದದ್ದು ಇನ್ನೂ ಇದೆ. ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ನಾಡು ಇದು. ನಮ್ಮ ಸೀಮೆಯ ಎಷ್ಟೋ ತೋಟದ ಮನೆಗಳಲ್ಲಿ ಮೊದಲ ಡಿಕಾಕ್ಷನ್ ಜಗಲಿಗೆ, ಅದೇ ಚರಟಕ್ಕೆ ಮತ್ತೆ ನೀರು ಹೊಯ್ದದ್ದು ಕೊಯ್ಲಿಗೆ ಬಂದ ಹೆಂಗಸರಿಗೆ. ಆದ್ದರಿಂದ ಹೊಸ ಗತ್ತಿಗೆ ಹಳೆಯ ಗತ್ತು ಉತ್ತರವಲ್ಲ. ಎರಡನ್ನೂ ಒಂದೇ ಮೊರದಲ್ಲಿ ಕೇರಬೇಕು.

ಗೆಳೆಯನ ಮಾತಿಗೆ ನನ್ನ ನಿಜವಾದ ಉತ್ತರ ಇಲ್ಲಿದೆ. ‘ನಿಮ್ಮ ಕಡೆಯವರಿಗೆ ಬೆಲೆ ಗೊತ್ತಿಲ್ಲ’ ಎನ್ನುವ ಮೊದಲು, ನಮ್ಮ ಕಡೆಯವರ ಬಾಣಲೆಗೆ ಯಾವ ಬೀಜ ಬಂತು ಎಂದು ಕೇಳಬೇಕಿತ್ತು. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮನೆಬಳಕೆಗೆ, ಬಿತ್ತನೆಗೆ ಎಂದು ಮಂಡಳಿ ಒಪ್ಪಿದಷ್ಟನ್ನು ಉಳಿಸಿಕೊಳ್ಳಬಹುದಿತ್ತು. ಈ ವ್ಯವಸ್ಥೆ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಕೊನೆಯಾಯಿತು. ಆಮೇಲಾದರೂ ಏನಾಯಿತು? ಚೆನ್ನಾಗಿರುವುದಕ್ಕೆ ಬೆಲೆ ಇದೆ, ಅದು ಮಾರಾಟಕ್ಕೆ ಹೋಗುತ್ತದೆ. ಮನೆಗೆ ಉಳಿಯುವುದು ನೆಲಕ್ಕೆ ಬಿದ್ದದ್ದು, ಒಡೆದದ್ದು, ನೀರಲ್ಲಿ ತೇಲಿದ ಜೊಳ್ಳು. ದೇಶದ ಕಾಫಿಯಲ್ಲಿ ಬಹುಪಾಲು ರಫ್ತಾಗುತ್ತದೆ. ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು ಸಣ್ಣವರವು. ಉಳಿದ ಜೊಳ್ಳನ್ನು ಕುಡಿಯುವ ಹಾಗೆ ಮಾಡಲು ಕಪ್ಪಗೆ ಹುರಿಯಬೇಕು, ಬೆಲ್ಲ ಹಾಕಬೇಕು. ಅಂದರೆ ನೀವು ರುಚಿಗೇಡು ಎನ್ನುವುದು ರುಚಿಯಲ್ಲ, ಒಳ್ಳೆಯದೆಲ್ಲ ಊರಾಚೆ ಹೋದ ಮೇಲೆ ಉಳಿದದ್ದರಲ್ಲಿ ಬದುಕು ಮಾಡಿದವರ ಜಾಣತನ.

ಇದಕ್ಕಾಗಿಯೇ ಮನೆಯಲ್ಲಿ ಹುರಿಯಿರಿ ಎನ್ನುತ್ತೇನೆ. ಮೊದಲು ಹೇಳುವುದು ನಮ್ಮ ಊರಿನವರಿಗೆ. ತೋಟದಲ್ಲಿ ಕಾಫಿ ಇಟ್ಟುಕೊಂಡು ಅಂಗಡಿಯಿಂದ ಇನ್‌ಸ್ಟಂಟ್ ಪೊಟ್ಟಣ ತರುವ ಮನೆಗಳು ನಮ್ಮ ಬೀದಿಯಲ್ಲೇ ಆರು ಇವೆ. ಮನೆಯ ಕಾಫಿಗೆ ಗಮ್ಮತ್ತಿಲ್ಲ ಎಂಬ ಸಂಕೋಚ ಅವರದು. ಕಳೆದ ಕೊಯ್ಲಿನಲ್ಲಿ ನಾನು ಅಪ್ಪನ ಹತ್ತಿರ ಜಗಳವಾಡಿ, ಚೆನ್ನಾಗಿ ಹಣ್ಣಾದದ್ದರಲ್ಲೇ ಹತ್ತು ಕಿಲೋ ಒಣ ಬೀಜವಾಗುವಷ್ಟು ಮನೆಗೆಂದು ಬೇರೆ ಒಣಗಿಸಿದೆ. ‘ಅಷ್ಟು ದುಡ್ಡು ಹೊಟ್ಟೆಗೆ ಹಾಕ್ಕೋಬೇಕಾ’ ಎಂದರು ಅಪ್ಪ. ಕುಡಿದ ಮೇಲೆ, ‘ಇದು ನಮ್ದೇನಾ?’ ಎಂದರು. ಮೂವತ್ತು ವರ್ಷ ಬೆಳೆದವರು ಕೇಳಬೇಕಾದ ಪ್ರಶ್ನೆಯೇ ಇದು?

ಹವ್ಯಾಸಿಗಳಿಗೂ ಒಂದು ಮಾತು. ನಿಮ್ಮ ತಿಳಿವಳಿಕೆ ನಮಗೆ ಬೇಕು. ಹಣ್ಣನ್ನು ಹೇಗೆ ಆರಿಸಿದರೆ, ಎಷ್ಟು ದಿನ ಒಣಗಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಣಕ್ಕೆ ಬಂದು ಹೇಳಿ. ಪೊಟ್ಟಣದ ಮೇಲೆ ಕಡಲಾಚೆಯ ಹಣ್ಣಿನ ಹೆಸರು ಹುಡುಕುವಾಗ ಬೆಳೆದವರಿಗೆ ಎಷ್ಟು ಸಿಕ್ಕಿತು ಎಂಬುದನ್ನೂ ಹುಡುಕಿ. ಹಣ್ಣಾದದ್ದನ್ನೇ ಆರಿಸಿ ಕೊಯ್ಯಲು ದಿನಗೂಲಿಯ ಹೆಂಗಸರಿಗೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿನ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿ. ಆ ಪ್ರಶ್ನೆ ಕೇಳುವವರ ನಾಲಿಗೆಯನ್ನು ನಾನು ಖಂಡಿತ ನಂಬುತ್ತೇನೆ.

ಇನ್ನು, ಇದೆಲ್ಲ ಬೇಡ, ಸುಮ್ಮನೆ ಒಂದು ಲೋಟ ಕಾಫಿ ಸಾಕು ಎನ್ನುವವರಿಗೆ ಹೇಳುವುದು ಇಷ್ಟೇ: ಯಾರನ್ನೂ ಕೇಳಬೇಡಿ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದರು ಎಂಬುದು ನಮ್ಮ ಬೆಟ್ಟದ ಪ್ರತೀತಿ. ಅಪ್ಪಣೆ ಇಲ್ಲದೆ ಬಂದ ಬೆಳೆ ಇದು, ಹುರಿಯಲು ಅಪ್ಪಣೆ ಯಾಕೆ? ಕಾಲು ಕಿಲೋ ಹಸಿ ಬೀಜ ತನ್ನಿ. ಮೊದಲ ಸಲ ಕರಟಬಹುದು, ಎರಡನೆಯ ಸಲ ಹಸಿಯಾಗಬಹುದು, ಮೂರನೆಯ ಸಲ ನಿಮ್ಮ ಮನೆಯ ಹದ ನಿಮಗೇ ಸಿಗುತ್ತದೆ. ಬಂದವರಿಗೂ ಕೊಡಿ. ಕೊಡುವಾಗ ನಮ್ಮ ಕಡೆ ಒಂದು ಪ್ರಶ್ನೆ ಕೇಳುವ ವಾಡಿಕೆ ಇದೆ: ‘ನಿಮಗೆ ಹೆಂಗೆ ಬೇಕು, ಕಡಕ್ಕಾ, ಲೈಟಾ? ಸಕ್ಕರೆನಾ, ಬೆಲ್ಲನಾ?’ ಕಾಫಿಯ ಬಗ್ಗೆ ತಿಳಿದುಕೊಳ್ಳಬೇಕಾದ ಮೊದಲ ಪಾಠ ಆ ಪ್ರಶ್ನೆಯಲ್ಲಿದೆ. ಅದನ್ನು ಕೇಳಲು ಬಾರದವರು ಎಷ್ಟು ಬಲ್ಲವರಾದರೂ, ಅವರ ಮನೆಯಲ್ಲಿ ನಾನು ನೀರು ಕುಡಿದು ಬರುತ್ತೇನೆ.